ಫ್ರೆಟ್ ಕಿತ್ತರೆ ಮುಗೀತಾ?

ಪ್ರಶ್ನೆ: ಸರ್, ನನ್ನ ಹತ್ರ ಹಳೇ ನಾಲ್ಕು ತಂತಿ ಬಾಸ್ ಗಿಟಾರ್ ಇದೆ, ರೋಸ್‌ವುಡ್ ಮರದ ಫಿಂಗರ್‌ಬೋರ್ಡು (ತಂತಿ ಒತ್ತೋ ಹಲಗೆ), ಅದರ ಮೇಲಿನ ಲೋಹದ ಅಡ್ಡಪಟ್ಟಿಗಳು, ಅಂದ್ರೆ ಫ್ರೆಟ್‌ಗಳೆಲ್ಲ ಸವೆದು ಹೋಗಿವೆ. ಹೊಸದು ಹಾಕಿಸೋ ಬದಲು ಎಲ್ಲ ಕಿತ್ತು ಫ್ರೆಟ್‌ಲೆಸ್ ಮಾಡ್ಕೊಳ್ಳೋಣ ಅಂತಿದೀನಿ. ಇಕ್ಕಳದಲ್ಲಿ ಎಳೆದು, ಫ್ರೆಟ್ ಕೂತಿದ್ದ ಸೀಳಿಗೆ (ಸ್ಲಾಟ್) ವುಡ್ ಪುಟ್ಟಿ ತುಂಬಿದ್ರೆ ಸಾಕಲ್ವಾ?

ಉತ್ತರ: ಇಕ್ಕಳದಲ್ಲಿ ಎಳೆದ್ರೆ ಫ್ರೆಟ್ ಬರುತ್ತೆ, ಜೊತೆಗೆ ಮರದ ಚಕ್ಕೆನೂ ಬರುತ್ತೆ. ಮರದೊಳಗೆ ಕೂತಿರೋ ಫ್ರೆಟ್‌ನ ಭಾಗಕ್ಕೆ ಎರಡೂ ಬದಿ ಸಣ್ಣ ಸಣ್ಣ ಮುಳ್ಳು ಇರ್ತವೆ, ಜಗ್ಗಿ ಎಳೆದಾಗ ಅವು ಸ್ಲಾಟ್‌ನ ಅಂಚನ್ನ ಹರ್ಕೊಂಡೇ ಮೇಲೆ ಬರೋದು. ಅದಕ್ಕೆ ಮೊದಲು ಸಾಲ್ಡರಿಂಗ್ ಐರನ್ನಿನ ತುದಿನ ಫ್ರೆಟ್ ಮೇಲೆ ಉದ್ದಕ್ಕೂ ಆಡಿಸಿ ಬಿಸಿ ಮಾಡಿ, ಒಳಗೆ ಗೋಂದು ಇದ್ರೆ ಸಡಿಲ ಆಗುತ್ತೆ. ಆಮೇಲೆ ಬಾಯಿ ಚಪ್ಪಟೆಯಾಗಿ ಉಜ್ಜಿರೋ ಎಂಡ್ ಕಟ್ಟರ್ (ತುದಿಯಲ್ಲೇ ಕತ್ತರಿಸೋ ಇಕ್ಕಳ) ತಗೊಂಡು ಒಂದು ತುದಿಯಿಂದ ಫ್ರೆಟ್‌ನ ಅಡಿಗೆ ತೂರಿಸಿ ಹಿಸುಕ್ತಾ ಹೋಗಿ, ಎಳೀಲೇಬೇಡಿ, ಹಿಸುಕಿದಷ್ಟೂ ಅದೇ ಮೇಲೆದ್ದು ಬರುತ್ತೆ. ಅಷ್ಟಾದ್ರೂ ಅಲ್ಲಲ್ಲಿ ಚಕ್ಕೆ ಏಳುತ್ತೆ ಬಿಡಿ, ಎದ್ದದ್ದನ್ನ ಬಿಸಾಕದೆ ಅಲ್ಲೇ ಒಂದು ತೊಟ್ಟು ಸೂಪರ್ ಗ್ಲೂ ಹಾಕಿ ಕೂರಿಸಿಬಿಡಿ.

ಇನ್ನು ಪುಟ್ಟಿ. ನನ್ನ ಮಟ್ಟಿಗೆ ಬೇಡವೇ ಬೇಡ. ಒಣಗಿದ್ಮೇಲೆ ಕುಗ್ಗುತ್ತೆ, ಬೆರಳಿಗೆ ಪ್ರತಿ ಗೆರೆನೂ ಸಿಗುತ್ತೆ, ಅದಿರ್ಲಿ, ದೊಡ್ಡ ಕಾರಣ ಬೇರೆನೇ ಇದೆ. ಇಪ್ಪತ್ತು ಫ್ರೆಟ್ ಬಿಗಿಯಾಗಿ ಕೂತಿದ್ದಾಗ ಅವೆಲ್ಲ ಮರದೊಳಗೆ ಬೆಣೆ ಥರ ಕೆಲಸ ಮಾಡಿ ನೆಕ್ಕನ್ನ (ಬಾಸಿನ ಉದ್ದನೆ ಕತ್ತನ್ನ) ಹಿಂದಕ್ಕೆ ತಳ್ಳಿ ಇಟ್ಟಿರ್ತವೆ. ಕಿತ್ತು ಸ್ಲಾಟ್ ಖಾಲಿ ಬಿಟ್ರೋ ಮೆತ್ತಗಿನದ್ದೇನೋ ತುಂಬಿದ್ರೋ, ತಂತಿ ಬಿಗಿ ಮಾಡ್ತಿದ್ದಂಗೆ ನೆಕ್ಕು ಮುಂದಕ್ಕೆ ಬಾಗುತ್ತೆ. ಹಾಗಾಗಿ ಮರದ ವೆನೀರ್ (ಹಾಳೆಯಂಥ ತೆಳು ಮರ) ಪಟ್ಟಿನೇ ಹಾಕಿ. ಸ್ಲಾಟ್ ಅಗಲ ಸಾಮಾನ್ಯವಾಗಿ 0.6 ಮಿಲಿಮೀಟರ್ ಹತ್ತಿರ ಇರುತ್ತೆ, ಪಟ್ಟಿ ಸುತ್ತಿಗೆ ಬೇಡದೆ, ಆದ್ರೆ ಬೆರಳಲ್ಲಿ ಒತ್ತಿದ್ರೆ ಸ್ವಲ್ಪ ಹಠ ಮಾಡಿ ಇಳಿಯೋ ಅಷ್ಟು ದಪ್ಪ ಇರ್ಬೇಕು, ತಳ ಮುಟ್ಟಬೇಕು. ಬಿಳಿ ಮೇಪಲ್ ಪಟ್ಟಿ ಹಾಕಿದ್ರೆ ಗೆರೆ ಎದ್ದು ಕಾಣುತ್ತೆ, ಕಪ್ಪು ಮರದ್ದು ಹಾಕಿದ್ರೆ ಕಾಣಲ್ಲ. ಗೆರೆ ಇದ್ರೆ ಮರ್ಯಾದೆ ಕಮ್ಮಿ ಅನ್ನೋ ವಾದಕ್ಕೆ ಕಿವಿ ಕೊಡ್ಬೇಡಿ, ಮೊದಲನೇ ಫ್ರೆಟ್‌ಲೆಸ್‌ಗೆ ಗೆರೆ ಇರ್ಲಿ.

ಪಟ್ಟಿಗೆ ಗೋಂದು ಹಚ್ಚಿ ಕೂರಿಸಿ, ಅದು ಒಣಗಿದ್ಮೇಲೆ ಹೆಚ್ಚಿಗೆ ಉಳಿದದ್ದನ್ನ ಕೊಯ್ದು, ನೆಕ್ಕಿನೊಳಗಿರೋ ಲೋಹದ ಸರಳನ್ನ (ಟ್ರಸ್ ರಾಡ್) ತಿರುಗಿಸಿ ನೆಕ್ಕನ್ನ ನೇರ ಮಾಡ್ಕೊಂಡು, ಆಮೇಲಷ್ಟೇ ಸ್ಯಾಂಡ್ ಪೇಪರ್ ಮುಟ್ಟಿ. ಬರೀ ಕೈಯಲ್ಲಿ ಉಜ್ಜಿದ್ರೆ ಅಲೆ ಅಲೆ ಆಗುತ್ತೆ, ಬೋರ್ಡಿನ ಉಬ್ಬಿಗೆ ಸರಿಹೊಂದೋ ರೇಡಿಯಸ್ ಬ್ಲಾಕ್ ಬೇಕು. ಫೆಂಡರ್ ಕಂಪನಿಯ ಹಳೇ ಮಾಡೆಲ್‌ಗಳಲ್ಲಿ ಆ ಉಬ್ಬಿನ ತ್ರಿಜ್ಯ 7.25 ಇಂಚು, ಎಷ್ಟೋ ಹೊಸದ್ರಲ್ಲಿ 9.5, ನಿಮ್ಮದು ಎಷ್ಟು ಅಂತ ಅಳೆದು ತಗೊಳ್ಳಿ.

ಎಲ್ರೂ ಮರೆಯೋದು ನಟ್, ಅಂದ್ರೆ ನೆಕ್ಕಿನ ತಲೆ ಕಡೆ ತಂತಿಗಳನ್ನ ಹೊರೋ ಸಣ್ಣ ಪಟ್ಟಿ. ಫ್ರೆಟ್‌ನ ಎತ್ತರ ಸುಮಾರು 1 ಮಿಲಿಮೀಟರ್, ಅದು ಹೋಯ್ತು ಅಂದ್ರೆ ತಂತಿ ಬೋರ್ಡಿಂದ ಅಷ್ಟು ಮೇಲೆ ತೇಲುತ್ತೆ. ನಟ್‌ನಲ್ಲಿ ತಂತಿ ಕೂರೋ ಕಚ್ಚುಗಳನ್ನ ಅರದಲ್ಲಿ ಕೆಳಗಿಳಿಸಬೇಕು, ಇನ್ನೊಂದು ತುದೀಲಿ ತಂತಿ ಹೊರೋ ಬ್ರಿಜ್ ಸ್ಯಾಡಲ್‌ನೂ ಇಳಿಸಬೇಕು. ಸ್ಯಾಡಲ್ ಪೂರ್ತಿ ಕೆಳಗೆ ಹೋದ್ರೂ ಸಾಲದು ಅಂದ್ರೆ, ಬೋಲ್ಟ್ ಹಾಕಿರೋ ನೆಕ್ ಆದ್ರೆ ಬಿಚ್ಚಿ, ಬ್ರಿಜ್ ಕಡೆ ಇರೋ ತುದಿಯ ಅಡಿಗೆ ತೆಳ್ಳನೆ ಚೂರು ಕೊಡಿ. ಬಾಸ್ ಬೆಲೆ ಬಾಳೋದಾಗಿದ್ರೆ ಮಾತ್ರ ಆ ನೆಕ್ ಮುಟ್ಟಬೇಡಿ, ಅಳತೆ ಹೊಂದೋ ಬೇರೆ ನೆಕ್ ತಂದು ಅದನ್ನ ಕೆಡಿಸ್ಕೊಳ್ಳಿ.

ಪ್ರಶ್ನೆ: ಫ್ರೆಟ್‌ಲೆಸ್ ಬೋರ್ಡಿಗೆ ಎಪಾಕ್ಸಿ (ಒಣಗಿ ಗಟ್ಟಿಯಾಗೋ ಅಂಟು) ಹಚ್ಚಲೇಬೇಕಾ?

ಉತ್ತರ: ಇಲ್ಲ. ಫ್ರೆಟ್‌ಲೆಸ್ ಬಾಸಿಗೆ ಹೆಸರಾದ ಜಾಕೋ ಪಾಸ್ಟೋರಿಯಸ್ ತಮ್ಮ 1962ರ ಫೆಂಡರ್ ಜಾಝ್ ಬಾಸ್‌ಗೆ ದೋಣಿಗೆ ಹಚ್ಚೋ ಎಪಾಕ್ಸಿ ಹಚ್ಚಿದ್ರು ಅಂತ ಎಲ್ರಿಗೂ ಅದರ ಹುಚ್ಚು. ಅವರು ನುಡಿಸ್ತಿದ್ದಿದ್ದು ದುಂಡನೆ ಸರಿಗೆ ಸುತ್ತಿರೋ ರೌಂಡ್‌ವೂಂಡ್ ತಂತಿ, ಅದು ಬರೀ ರೋಸ್‌ವುಡ್ಡನ್ನ ಕೊರೆದು ಗೀರು ಮಾಡುತ್ತೆ, ಅದಕ್ಕೇ ಗಟ್ಟಿ ಪದರ ಬೇಕಿತ್ತು. ನೀವು ಚಪ್ಪಟೆ ಸರಿಗೆ ಸುತ್ತಿರೋ ಫ್ಲಾಟ್‌ವೂಂಡೋ ನೈಲಾನ್ ಸುತ್ತಿರೋ ತಂತಿನೋ ಹಾಕಿದ್ರೆ ಬರೀ ಮರ ಎಷ್ಟೋ ಕಾಲ ಬಾಳುತ್ತೆ, ಸದ್ದೂ ದುಂಡಗಿರುತ್ತೆ.

ಪ್ರಶ್ನೆ: ಫ್ರೆಟ್ ತೆಗೆಸಿದೆ, ಟ್ಯೂನಿಂಗ್ ಸರಿ ಇದೆ, ಆದ್ರೂ ಎಲ್ಲ ಸ್ವರ ಸ್ವಲ್ಪ ಇಳಿದಂಗೆ ಕೇಳುತ್ತೆ. ಯಾಕೆ? ಗಿಟಾರಿಗೂ ಹೀಗೇ ಮಾಡಿಸ್ಲಾ?

ಉತ್ತರ: ನಿಮ್ಮ ಬೆರಳು ಇನ್ನೂ ಹಳೇ ಜಾಗದಲ್ಲೇ ಕೂರ್ತಿದೆ. ಫ್ರೆಟ್ ಇದ್ದಾಗ ಅದರ ಹಿಂದೆ ಒತ್ತಿದ್ರೆ ಸಾಕಿತ್ತು, ಈಗ ಬೆರಳು ಗೆರೆ ಮೇಲೇ ಬರ್ಬೇಕು. ನೆಕ್ಕಿನ ಪಕ್ಕದ ಚುಕ್ಕೆಗಳೂ ಮೋಸ ಮಾಡ್ತವೆ, ಅವು ಎರಡು ಫ್ರೆಟ್ ನಡುವೆ ಇರೋದು, ಗೆರೆಗೆ ನೇರವಾಗಿ ಹೊಸ ಚುಕ್ಕೆ ಇಟ್ಕೊಳ್ಳಿ. ನುಡಿಸೋ ತಂತಿ ಉದ್ದ 34 ಇಂಚಿರೋ ಬಾಸಲ್ಲಿ ಹನ್ನೆರಡರಿಂದ ಹದಿಮೂರನೇ ಗೆರೆಗೆ ಸುಮಾರು 24 ಮಿಲಿಮೀಟರ್, ಅಂದ್ರೆ ಅಲ್ಲಿ ಒಂದು ಮಿಲಿಮೀಟರ್ ತಪ್ಪಿದ್ರೆ 4 ಸೆಂಟ್ (ಒಂದು ಫ್ರೆಟ್‌ನ ಅಂತರ ಅಂದ್ರೆ 100 ಸೆಂಟ್) ತಪ್ಪು, ಅಷ್ಟನ್ನ ಕಿವಿ ಮನ್ನಿಸುತ್ತೆ, ನೀವು ಐದಾರು ಮಿಲಿಮೀಟರ್ ಹಿಂದಿದ್ರೆ ಮಾತ್ರ ಮನ್ನಿಸಲ್ಲ. ಗಿಟಾರಿಗೂ ಮಾಡಿಸ್ಲಾ ಅಂತ ಕೊನೇಲಿ ಕೇಳಿದೀರಿ: 25.5 ಇಂಚಿನ ಗಿಟಾರಲ್ಲಿ ಅದೇ ಜಾಗ 18 ಮಿಲಿಮೀಟರ್‌ಗೆ ಇಳಿಯುತ್ತೆ, ತೆಳು ತಂತಿ ಬೆರಳಿನ ಮೆತ್ತಗಿನ ಮಾಂಸದ ಕೆಳಗೆ ಬೇಗ ಸದ್ದು ಸಾಯಿಸ್ಕೊಳ್ಳುತ್ತೆ, ಕಾರ್ಡ್ (ಒಟ್ಟಿಗೆ ನುಡಿಸೋ ಸ್ವರಗಳು) ಹಿಡಿದ್ರೆ ಮೂರು ಬೆರಳೂ ಸರಿಯಾಗಿ ಕೂರೋದು ಕಷ್ಟ. ಒಂಟಿ ಸ್ವರ ಜಾರಿಸಿ ನುಡಿಸೋರಿಗೆ ಓಕೆ, ಹಾಡಿಗೆ ಕಾರ್ಡ್ ಬಾರಿಸೋರಾದ್ರೆ ಬೇಡ.