ಮಾದಪ್ಪ ಏರಿದ ಹುಲಿ

ಮೈಸೂರಿನ ಓದುಗರೊಬ್ಬರ ಪತ್ರ: "ಮಲೆ ಮಹದೇಶ್ವರ ಬೆಟ್ಟದ ಲೇಖನದಲ್ಲಿ ಹುಲಿ, ಪ್ಲಾಸ್ಟಿಕ್ಕು ಅಂತ ಯಾಕೆ ಎಳೆದು ತಂದಿರಿ? ಕಾಡು ನೋಡಿಕೊಳ್ಳಲು ಅರಣ್ಯ ಇಲಾಖೆಯಿದೆ. ನಾವು ಹೋಗುವುದು ದೇವರಿಗೆ." ಎಪ್ಪತ್ತು ದಾಟಿದ ತಾಯಿಯನ್ನು ಬೆಟ್ಟದ ಬುಡದ ತಾಳುಬೆಟ್ಟದಿಂದ ಮೇಲಕ್ಕೆ ನಡೆಸಿಕೊಂಡು ಹೋಗಬಹುದಾ ಎಂದೂ ಕೇಳಿದ್ದಾರೆ.

ಸಂಪಾದಕರ ಉತ್ತರ: ನಿಮ್ಮ ಬೇಸರ ಅರ್ಥವಾಗುತ್ತದೆ. ಭಕ್ತಿಯ ಮಾತಿನ ನಡುವೆ ಕಸದ ಮಾತು ಬಂದರೆ ಕಸಿವಿಸಿಯಾಗುವುದು ಸಹಜ. ಆದರೆ ಮಾದಪ್ಪನನ್ನು ಕಾಡಿನಿಂದ ಬಿಡಿಸಿ ಬರೆಯುವುದು ಹೇಗೆ ಹೇಳಿ? ಏಳು ಮಲೆ, ಎಪ್ಪತ್ತೇಳು ಮಲೆಯ ಒಡೆಯ ಎಂದೇ ದೇವರಗುಡ್ಡರು ಕಂಸಾಳೆ ಹಿಡಿದು ರಾತ್ರಿಯಿಡೀ ಹಾಡುತ್ತಾರೆ. ಆ ಹಾಡಿನಲ್ಲಿ ಗುಡಿಗಿಂತ ಕಾಡೇ ಜಾಸ್ತಿ. ಸಂಕಮ್ಮನ ಕಥೆ ನೆನಪಿದೆ ಅಲ್ವಾ? ಸೋಲಿಗರ ಹೆಣ್ಣುಮಗಳು. ಗಂಡ ನೀಲಯ್ಯ ಶೀಲದ ಮೇಲೆ ಆಣೆ ಇಡು ಎಂದು ಹಿಂಸಿಸಿ, ಕಾಡಿನ ಗುಡಿಸಲಲ್ಲಿ ಒಬ್ಬಳನ್ನೇ ಬಿಟ್ಟು ಹೋಗುತ್ತಾನೆ. ಅಲ್ಲಿಗೆ ಬಂದು ಕಣ್ಣೀರು ಒರೆಸುವವನು ಮಾದಪ್ಪ. ಅವಳಿಗೆ ಮಕ್ಕಳಾಗಿ ಕಾರಯ್ಯ, ಬಿಲ್ಲಯ್ಯ ಹುಟ್ಟುವುದೂ ಅವನ ವರದಿಂದಲೇ.

ದೀಪಾವಳಿಯ ಹಾಲರವಿಯನ್ನೇ ನೋಡಿ. ಬೆಟ್ಟದಲ್ಲಿ ಪೂಜೆ ಮಾಡುವ ಬೇಡಗಂಪಣ ಸಮುದಾಯದ 101 ಹೆಣ್ಣುಮಕ್ಕಳು ಉಪವಾಸವಿದ್ದು, ಕಾಡಿನ ಹಳ್ಳದಿಂದ ಕೊಡಗಳಲ್ಲಿ ನೀರು ಹೊತ್ತು ತರುತ್ತಾರೆ. ಸ್ವಾಮಿಗೆ ಅಭಿಷೇಕ ಆ ನೀರಿನಿಂದ. ಹಳ್ಳದ ತುಂಬ ಬಾಟಲಿ, ಕವರ್ ತುಂಬಿಕೊಂಡರೆ ಆ ಕೊಡ ಎಲ್ಲಿ ಮುಳುಗಿಸುವುದು?

ಇನ್ನು ಹುಲಿ. ಅದು ನಮ್ಮ ದೇವರ ವಾಹನ. ಈ ಕಾಡು 2013ರಲ್ಲಿ ವನ್ಯಜೀವಿ ಧಾಮವಾಯಿತು. 2025ರ ಜೂನ್‌ನಲ್ಲಿ ಇಲ್ಲೇ ಒಂದು ತಾಯಿ ಹುಲಿ, ಅದರ ನಾಲ್ಕು ಮರಿಗಳು ಸತ್ತು ಬಿದ್ದಿದ್ದವು. ಹುಲಿ ಕೊಂದಿದ್ದ ಹಸುವಿನ ಮೈಗೆ ವಿಷ ಹಾಕಿದ್ದರು, ಅದನ್ನು ತಿಂದು ಸತ್ತವು. ದನ ಕಳೆದುಕೊಂಡವರ ಸಂಕಟ ಸಣ್ಣದಲ್ಲ, ಅದನ್ನು ಬೇರೆಯಾಗಿಯೇ ಬರೆಯಬೇಕು. ಆದರೂ ಐದು ಹುಲಿ! ಆ ಸುದ್ದಿ ಬಂದ ದಿನ ನನಗೆ ಊಟ ಸೇರಲಿಲ್ಲ. "ಉಘೇ ಮಾದಪ್ಪ" ಎನ್ನುವ ನಾವು ಅದನ್ನು ಇಲಾಖೆಯ ವಿಷಯ ಎಂದು ಸುಮ್ನೆ ಬಿಡಲು ನನಗಂತೂ ಮನಸ್ಸು ಬರುವುದಿಲ್ಲ.

ತಾಯಿಯವರ ವಿಷಯ. ಅವರಿಗೆ ನಡೆಯುವ ಆಸೆ ಇದೆ, ಗೊತ್ತು. ಆದರೆ ಅದು ಏರುದಾರಿ, ಕಾಡುದಾರಿ. ತಾಳುಬೆಟ್ಟದಲ್ಲಿ ಇಳಿದು ಪೂಜೆ ಮಾಡಿಸಲಿ. ನಾಲ್ಕು ಹೆಜ್ಜೆ ನಡೆಯಲಿ. ಆಮೇಲೆ ಬಸ್ಸು ಹತ್ತಿಸಿ. ಮೇಲೆ ಹುಲಿವಾಹನದ ಸೇವೆ ಮಾಡಿಸಿ. ಗುಡಿಯ ಸುತ್ತ ಅದನ್ನು ಎಳೆಯುವಾಗ ಅವರೂ ಒಂದು ಕೈ ಹಾಕಲಿ.