ವಯಸ್ಸಾದವರ ಖಿನ್ನತೆ ಮನೆಯವರಿಗೆ ಯಾಕೆ ಬೇಗ ಗೊತ್ತಾಗುವುದಿಲ್ಲ?

ಯಾಕೆಂದರೆ ಅದು ಅಳುವಿಗಿಂತ ಮೈಕೈ ನೋವು, ಸುಸ್ತು, ನಿದ್ದೆಗೇಡು, ಊಟ ಸೇರದಿರುವುದು ಹೀಗೇ ಜಾಸ್ತಿ ಕಾಣಿಸುತ್ತದೆ. ‘ವಯಸ್ಸಾಯ್ತಲ್ವಾ’ ಎಂದು ಎಲ್ಲರೂ ಸುಮ್ಮನಾಗುತ್ತಾರೆ. ಮಿದುಳಿನಲ್ಲಿ ಉತ್ಸಾಹವನ್ನೂ ನೋವನ್ನೂ ಹದದಲ್ಲಿಡುವುದರಲ್ಲಿ ಸೆರೊಟೋನಿನ್‌ನಂಥ ಅವೇ ರಾಸಾಯನಿಕಗಳ ಪಾತ್ರವಿದೆ. ಹಾಗಾಗಿ ಮನಸ್ಸು ಕುಗ್ಗಿದಾಗ ಹಳೇ ಮಂಡಿನೋವೂ ಹೆಚ್ಚು ಕಾಡುತ್ತದೆ. ನೋವಿಗೆ ಹೆದರಿ ಹೊರಗೆ ಹೋಗುವುದು ನಿಲ್ಲುತ್ತದೆ, ಮಾತುಕತೆ ತಪ್ಪುತ್ತದೆ, ಮನಸ್ಸು ಇನ್ನೂ ಕುಗ್ಗುತ್ತದೆ. ಬದುಕು ಸಪ್ಪೆಯಾಗುವುದು ಬರೀ ಕಾಯಿಲೆಯಿಂದಲ್ಲ, ಈ ಸುತ್ತಿನಿಂದ.

1980ರ ದಶಕದಲ್ಲಿ ವೃದ್ಧರಿಗೆಂದೇ ರೂಪಿಸಿದ ‘ಜೀರಿಯಾಟ್ರಿಕ್ ಡಿಪ್ರೆಶನ್ ಸ್ಕೇಲ್’ ಎಂಬ ಪ್ರಶ್ನಾವಳಿ ನೋವು, ನಿದ್ದೆಗೇಡು ಖಿನ್ನತೆ ಇಲ್ಲದ ವೃದ್ಧರಲ್ಲೂ ಇರುತ್ತವೆಂದು ಅವುಗಳ ಬಗ್ಗೆ ಕೇಳುವುದೇ ಇಲ್ಲ (ಜಾಣತನ!). ಇಷ್ಟದ ಕೆಲಸಗಳನ್ನು ಬಿಟ್ಟಿದ್ದೀರಾ, ಹೊರಗೆ ಹೋಗುವುದಕ್ಕಿಂತ ಮನೆಯಲ್ಲೇ ಇರೋಣ ಅನ್ನಿಸುತ್ತದಾ ಎಂದು ಕೇಳುತ್ತದೆ. ಇಂಥದ್ದು ಎರಡು ವಾರ ದಾಟಿದರೆ ವೈದ್ಯರಿಗೆ ತೋರಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೂ ಮಾತಾಡಬಹುದು.