ಧಾರವಾಡದ ಹುಣಸೆ ಬೀಜದಿಂದ ಎದ್ದ ಸಸಿ ಟೊರಾಂಟೊ ಚಳಿಗೆ ಎಲೆ ಉದುರಿಸುತ್ತಿದೆ, ಉಳಿಸುವುದು ಹೇಗೆ?

ಎಲೆ ಉದುರಿತು ಅಂತ ಕಿತ್ತು ಎಸೆಯಬೇಡಿ. ಕಾಂಡವನ್ನು ಉಗುರಿನಿಂದ ಒಂಚೂರು ಕೆರೆದು ನೋಡಿ. ಒಳಗೆ ಹಸಿರು ಕಂಡರೆ ಜೀವ ಇದೆ.

ನನ್ನ ತಂಗಿಯೂ ಹುಬ್ಬಳ್ಳಿಯಿಂದ ಬೀಜ ಒಯ್ದು ಟೊರಾಂಟೊದಲ್ಲೇ ಬೆಳೆಸುತ್ತಿದ್ದಾಳೆ. ಮೊದಲ ವರ್ಷ ಎರಡು ಸಸಿ ಸತ್ತವು. ಬರೀ ಚಳಿಯಿಂದ ಅಲ್ಲ, ನೀರು ಜಾಸ್ತಿಯಾಗಿ. ಕಿತ್ತು ನೋಡಿದರೆ ಬೇರು ಕಂದು ಬಣ್ಣಕ್ಕೆ ತಿರುಗಿತ್ತು, ಬೆರಳಲ್ಲಿ ಹಿಡಿದರೆ ಸಿಪ್ಪೆ ಜಾರುತ್ತಿತ್ತು. ತಣ್ಣಗಿನ ಮಣ್ಣಲ್ಲಿ ಬೇರು ನೀರು ಎಳೆಯುವುದೇ ಕಡಿಮೆ. ನಾವು ಎಲೆ ಬಾಡಿತು ಅಂತ ಮತ್ತೆ ಸುರಿಯುತ್ತೇವೆ, ಅಲ್ವಾ? ಬೆರಳನ್ನು ಒಂದು ಗೆಣ್ಣಿನಷ್ಟು ಮಣ್ಣಿಗಿಳಿಸಿ ನೋಡಿ. ಒಣಗಿದ್ದರೆ ಮಾತ್ರ ಉಗುರುಬೆಚ್ಚಗಿನ ನೀರು ಹಾಕಿ.

ನಮ್ಮ ಧಾರವಾಡದಲ್ಲಿ ಡಿಸೆಂಬರ್ ರಾತ್ರಿ 13-14 ಡಿಗ್ರಿಗೆ ಇಳಿದರೂ ಹಗಲಿಗೆ ಮತ್ತೆ ಬಿಸಿಲು. ಅಲ್ಲಿ ಹಾಗಿಲ್ಲ. ದೊಡ್ಡ ಹುಣಸೆ ಮರ ಅಲ್ಪಸ್ವಲ್ಪ ಚಳಿ ತಡೆದೀತು, ಎಳೆ ಸಸಿ ತಡೆಯದು. ರಾತ್ರಿ 10-12 ಡಿಗ್ರಿಗೆ ಬರುವ ಮೊದಲೇ ಕುಂಡ ಮನೆಯೊಳಗೆ ಬರಬೇಕು. ದಕ್ಷಿಣದ ಕಿಟಕಿ ಒಳ್ಳೆಯದು, ಆದರೆ ಎಲೆ ಗಾಜಿಗೆ ತಾಗಬಾರದು. ಟೊರಾಂಟೊದಲ್ಲಿ ಡಿಸೆಂಬರ್ ಹಗಲು ಸುಮಾರು 9 ಗಂಟೆ ಮಾತ್ರ. ಹಾಗಾಗಿ ಗಿಡಗಳಿಗೆಂದೇ ಸಿಗುವ ಎಲ್‌ಇಡಿ ದೀಪ 12-14 ಗಂಟೆ ಹಚ್ಚಿಡಿ, ರಾತ್ರಿ ಆರಿಸಿ. ಆಗ ಎಲೆಗಳು ಜೋಡಿ ಜೋಡಿಯಾಗಿ ಮಡಚಿಕೊಂಡು ಮಲಗುತ್ತವೆ, ಅದು ರೋಗ ಅಲ್ಲ.

ಗೊಬ್ಬರ ಮಾರ್ಚ್‌ವರೆಗೆ ಬೇಡ. ಹೀಟರ್‌ನ ಒಣ ಗಾಳಿಗೆ ಎಲೆಯಡಿ ನುಸಿ ಬರುತ್ತದೆ, ವಾರಕ್ಕೊಮ್ಮೆ ನೀರಲ್ಲಿ ತೊಳೆಯಿರಿ. ಮೇ ಕೊನೆಗೆ ಹೊರಗಿಡುವಾಗ ಮೊದಲ ವಾರ ನೆರಳಲ್ಲೇ ಇರಲಿ.